ಸಹಾಯ ಬೇಕು: ಸ್ಕಾರ್ಬರೋ ಕಡಲತೀರದಲ್ಲಿ ಸಸ್ಯಾಹಾರಿಗಳಿಗೆ ಊಟ

ಎಲ್ಲರಿಗೂ ನಮಸ್ಕಾರ. ಲೀಡ್ಸ್‌ನಲ್ಲಿರುವ ನಮ್ಮ ಮನೆಗೆ ಧಾರವಾಡದಿಂದ ತಂದೆ ತಾಯಿ ಬಂದಿದ್ದು, ಆಗಸ್ಟ್‌ನಲ್ಲಿ ಅವರನ್ನು ಇಂಗ್ಲೆಂಡ್‌ನ ಯಾರ್ಕ್‌ಷೈರ್‌ನ ಕಡಲತೀರದ ಊರಾದ ಸ್ಕಾರ್ಬರೋಗೆ ಕರೆದೊಯ್ಯಬೇಕೆಂದಿದ್ದೇವೆ. ತಾಯಿಗೆ ಮಂಡಿನೋವಿದ್ದರೂ, 1881ರಲ್ಲಿ ಆರಂಭವಾದ ಸೆಂಟ್ರಲ್ ಟ್ರಾಮ್‌ವೇ (ಇಳಿಜಾರಿನ ಹಳಿಗಳ ಮೇಲೆ ಹತ್ತಿಳಿಯುವ ಗಾಡಿ) ಮೇಲಿನ ಪೇಟೆಯಿಂದ ಸೌತ್ ಬೇ ಕಡಲತೀರದ ಮರಳಿನ ಹತ್ತಿರಕ್ಕೇ ಇಳಿಸುವುದರಿಂದ ಆ ಚಿಂತೆಯಿಲ್ಲ. ಉಬ್ಬರದ ವೇಳೆ ಮರಳು ಕಿರಿದಾಗುತ್ತದೆಂದು ಇಳಿತದ ಸಮಯವನ್ನೂ ನೋಡಿಟ್ಟುಕೊಂಡಿದ್ದೇವೆ.

ತೊಡಕಿರುವುದು ಊಟದಲ್ಲಿ. ಯಾರ್ಕ್‌ಷೈರ್‌ನ ಬಹಳಷ್ಟು ಫಿಶ್ ಅಂಡ್ ಚಿಪ್ಸ್ ಅಂಗಡಿಗಳು ಹಳೆಯ ರೂಢಿಯಂತೆ ದನದ ಕೊಬ್ಬಿನಲ್ಲಿಯೇ ಕರಿಯುವುದರಿಂದ, ಬರೀ ಆಲೂಗಡ್ಡೆಯ ಚಿಪ್ಸ್ ಕೂಡ ಶುದ್ಧ ಸಸ್ಯಾಹಾರಿಗಳಾದ ಅವರಿಗೆ ನಡೆಯುವುದಿಲ್ಲ. ಒಂದು ಅಂಗಡಿಗೆ ಫೋನ್ ಮಾಡಿದಾಗ ಅಡುಗೆ ಎಣ್ಣೆಯನ್ನೇ ಬಳಸುತ್ತೇವೆ ಎಂದರು. ಅದೇ ಎಣ್ಣೆಯಲ್ಲಿ ಮೀನನ್ನೂ ಕರಿಯುತ್ತೀರಾ ಎಂದು ಕೇಳಿದರೆ ಸ್ಪಷ್ಟ ಉತ್ತರ ಸಿಗಲಿಲ್ಲ. ಮೆನುವಿನಲ್ಲಿರುವ, ಸಸ್ಯಾಹಾರವೆಂದು ಸೂಚಿಸುವ 'ವಿ' ಗುರುತಿನಿಂದಲೂ ಅದು ತಿಳಿಯುತ್ತಿಲ್ಲ. ಬುತ್ತಿ ಕಟ್ಟಿಕೊಂಡು ಹೋಗಬಹುದು, ನಿಜ. ಆದರೆ ಸಮುದ್ರದ ಎದುರು ಕುಳಿತು ಬಿಸಿಬಿಸಿಯಾಗಿ ತಿನ್ನಬೇಕೆಂಬುದು ತಂದೆಯವರ ಆಸೆ, ಅದನ್ನು ನೆರವೇರಿಸಲೇಬೇಕೆಂದು ನನಗಿದೆ.

ಸೌತ್ ಬೇ ಅಥವಾ ನಾರ್ತ್ ಬೇಯಲ್ಲಿ ಸಸ್ಯಾಹಾರವನ್ನು ಪ್ರತ್ಯೇಕ ಎಣ್ಣೆಯಲ್ಲಿ ಕರಿದುಕೊಡುವ, ಕುಳಿತು ತಿನ್ನಲು ಜಾಗವಿರುವ ಅಂಗಡಿ ಯಾವುದು? ಈಚೆಗೆ ಸ್ವತಃ ಹೋಗಿಬಂದವರು ದಯವಿಟ್ಟು ತಿಳಿಸುವಿರಾ?