ಶಾರ್ಡಿಂಗ್, ಪಾರ್ಟಿಷನ್ ಎಲ್ಲಕ್ಕೂ ‘ವಿಭಜನೆ’ ಅಂದರೆ ಸಾಕೇ?

ಡೇಟಾ ಒಂದು ಯಂತ್ರದಲ್ಲಿ ಹಿಡಿಸಲಾರದಷ್ಟು ಬೆಳೆದಾಗ ಡೇಟಾಬೇಸನ್ನು ಹೇಗೆ ನಿಭಾಯಿಸಬೇಕು ಅನ್ನುವುದರ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ‘ವಿಭಜನೆ’ ಅನ್ನುವ ಪದದ ಹತ್ತಿರ ಕೆಲಸ ನಿಂತಿದೆ. ತಿಳಿದವರು ದಯವಿಟ್ಟು ಹೇಳಿ.

ಪಾರ್ಟಿಷನ್, ಶಾರ್ಡಿಂಗ್, ನೆಟ್‌ವರ್ಕ್ ಪಾರ್ಟಿಷನ್, ಮೂರಕ್ಕೂ ಥಟ್ಟನೆ ಹೊಳೆಯುವುದು ಇದೇ ಪದ. ಆದರೆ ಮೂರೂ ಬೇರೆ ಬೇರೆ ಸಂಗತಿಗಳು. ಪಾರ್ಟಿಷನ್‌ನಲ್ಲಿ ಒಂದು ದೊಡ್ಡ ಟೇಬಲನ್ನು, ತಿಂಗಳ ಪ್ರಕಾರ ಅಂದುಕೊಳ್ಳಿ, ತುಂಡು ಮಾಡಿ ಇಡುತ್ತಾರೆ. ತುಂಡುಗಳೆಲ್ಲ ಒಂದೇ ಸರ್ವರ್‌ನಲ್ಲಿ ಇರಬಹುದು. ಹಳೆಯ ತಿಂಗಳಿನದು ಬೇಡವಾದರೆ ಒಂದೊಂದೇ ಸಾಲು ಅಳಿಸುತ್ತ ಕೂರಬೇಕಿಲ್ಲ, ಆ ತುಂಡನ್ನೇ ತೆಗೆದುಹಾಕಿದರೆ ಆಯಿತು.

ಶಾರ್ಡಿಂಗ್‌ನಲ್ಲಿ ತುಂಡುಗಳು ಬೇರೆ ಬೇರೆ ಯಂತ್ರಗಳಿಗೆ ಹೋಗುತ್ತವೆ. ನಿಜವಾದ ಕಷ್ಟ ಶುರುವಾಗುವುದು ಇಲ್ಲೇ. ಯಾವ ಸಾಲು ಯಾವ ಯಂತ್ರದಲ್ಲಿದೆ ಅಂತ ತೀರ್ಮಾನಿಸುವುದು ಶಾರ್ಡ್ ಕೀ, ಅಂದರೆ ಹಂಚುವುದಕ್ಕೆಂದು ಟೇಬಲ್‌ನಿಂದ ಆರಿಸಿಕೊಂಡ ಅಂಕಣ. ದಿನಾಂಕವನ್ನೇ ಕೀ ಮಾಡಿಬಿಟ್ಟರೆ ಇವತ್ತು ಬರುವ ಡೇಟಾ ಎಲ್ಲ ಒಂದೇ ಯಂತ್ರಕ್ಕೆ ನುಗ್ಗುತ್ತದೆ, ಉಳಿದವು ಸುಮ್ನೆ ಕೂತಿರುತ್ತವೆ. ಯಂತ್ರ ಸೇರಿಸುವುದೂ ಸುಲಭವಲ್ಲ. ಕೀಯ ಹ್ಯಾಶನ್ನು (ಕೀಯಿಂದ ಲೆಕ್ಕ ಹಾಕಿ ತೆಗೆದ ಒಂದು ಸಂಖ್ಯೆ) ಯಂತ್ರಗಳ ಸಂಖ್ಯೆಯಿಂದ ಭಾಗಿಸಿ, ಉಳಿದ ಶೇಷ ನೋಡಿ ಜಾಗ ಕೊಟ್ಟಿದ್ದೀರಿ ಅಂತಿಟ್ಟುಕೊಳ್ಳಿ. 4 ಯಂತ್ರ 5 ಆದಾಗ ಸುಮಾರು 80% ಸಾಲುಗಳು ಜಾಗ ಬದಲಿಸಬೇಕಾಗುತ್ತದೆ! ಡೇವಿಡ್ ಕಾರ್ಗರ್ ಮತ್ತು ಜೊತೆಗಾರರು 1997ರಲ್ಲಿ ಮುಂದಿಟ್ಟ, ಯಂತ್ರ ಸೇರಿಸಿದಾಗ ಆದಷ್ಟು ಕಡಿಮೆ ಸಾಲುಗಳು ಕದಲುವಂತೆ ಜಾಗ ಕೊಡುವ ಕನ್ಸಿಸ್ಟೆಂಟ್ ಹ್ಯಾಶಿಂಗ್ ವಿಧಾನದಲ್ಲಿ ಅದು ಸುಮಾರು 20%ಗೆ ಇಳಿಯುತ್ತದೆ. ಇಷ್ಟೆಲ್ಲ ಇರುವ ಕೆಲಸಕ್ಕೂ ಒಂದು ಟೇಬಲ್ ತುಂಡು ಮಾಡುವುದಕ್ಕೂ ಒಂದೇ ಹೆಸರು ಕೊಟ್ಟರೆ ಓದುವವರಿಗೆ ಅನ್ಯಾಯ ಅಲ್ವಾ?

ಮೂರನೆಯದು, ನೆಟ್‌ವರ್ಕ್ ಪಾರ್ಟಿಷನ್. ಅದರಲ್ಲಿ ಇನ್ನೂ ಜಾಸ್ತಿ ಗೊಂದಲ. ಎರಿಕ್ ಬ್ರೂವರ್ 2000ದಲ್ಲಿ ಹೇಳಿದ, 2002ರಲ್ಲಿ ಗಿಲ್ಬರ್ಟ್ ಮತ್ತು ಲಿಂಚ್ ಸಾಧಿಸಿ ತೋರಿಸಿದ ಕ್ಯಾಪ್ (CAP) ಪ್ರಮೇಯ ಒಂದಿದೆ: ಪಾರ್ಟಿಷನ್ ಆದಾಗ ಎಲ್ಲ ಯಂತ್ರಗಳಲ್ಲೂ ಒಂದೇ ಡೇಟಾ ಕಾಣಿಸುವುದು, ಪ್ರತಿ ಕೋರಿಕೆಗೂ ಉತ್ತರ ಕೊಡುವುದು, ಇವೆರಡೂ ಒಟ್ಟಿಗೆ ಸಾಧ್ಯವಿಲ್ಲ ಅನ್ನುತ್ತದೆ ಅದು. ಅಲ್ಲಿ ಬರುವ ಪಾರ್ಟಿಷನ್ ಅಂದರೆ ಯಂತ್ರಗಳ ನಡುವೆ ಸಂಪರ್ಕ ತಪ್ಪುವುದು. ಅದನ್ನು ಯಾರೂ ಬೇಕೆಂದು ಮಾಡುವುದಿಲ್ಲ, ತಾನಾಗಿ ಬಂದೆರಗುವ ತೊಂದರೆ ಅದು. ಅದನ್ನು ತಾಳಿಕೊಳ್ಳುವ ಗುಣಕ್ಕೆ, ಅಂದರೆ ಪಾರ್ಟಿಷನ್ ಟಾಲರೆನ್ಸ್‌ಗೆ, ‘ವಿಭಜನಾ ಸಹಿಷ್ಣುತೆ’ ಅಂತ ಬರೆದರೆ ಟೇಬಲ್ ತುಂಡು ಮಾಡಿದರೂ ತಡೆದುಕೊಳ್ಳುವ ಗುಣ ಅಂತಲೇ ಅರ್ಥವಾಗುತ್ತದೆ.

ಸದ್ಯಕ್ಕೆ ನನ್ನ ಆಯ್ಕೆ: ಪಾರ್ಟಿಷನ್‌ಗೆ ‘ಹೋಳು’, ಶಾರ್ಡ್‌ಗೆ ‘ಪಾಲು’, ನೆಟ್‌ವರ್ಕ್ ಪಾರ್ಟಿಷನ್‌ಗೆ ‘ಸಂಪರ್ಕ ಕಡಿತ’. ಶಾರ್ಡ್‌ಗೆ ‘ಚೂರು’ ನೇರ ಪದವೇನೋ ಹೌದು, ಆದರೆ ಚೂರು ಅಂದರೆ ಒಡೆದು ಹಾಳಾದದ್ದು ಅನಿಸುತ್ತದೆ. ಪಾಲು ಅಂದರೆ ಅದನ್ನು ನೋಡಿಕೊಳ್ಳುವವರು ಯಾರೋ ಇದ್ದಾರೆ ಅನ್ನುವ ಭಾವ ಬರುತ್ತದೆ. ಶಾರ್ಡ್‌ನಲ್ಲಿ ಆಗುವುದೂ ಅದೇ, ಪ್ರತಿ ತುಂಡಿಗೂ ಅದರದೇ ಯಂತ್ರ. ‘ಡೇಟಾವನ್ನು ಎಂಟು ಪಾಲು ಮಾಡಿದೆವು’ ಅಂದರೆ ಕಿವಿಗೂ ಹಿತ.

ಶಾರ್ಡ್, ಶಾರ್ಡಿಂಗ್ ಅಂತಲೇ ಉಳಿಸಿಕೊಳ್ಳಿ ಅನ್ನುವವರೂ ಇರಬಹುದು. ಕೆಲಸದ ನಡುವೆ ಎಲ್ಲರೂ ಹಾಗೇ ಮಾತಾಡುವುದು, ಒಪ್ಪುತ್ತೇನೆ. ಆದರೆ ಹೊಸದಾಗಿ ಕಲಿಯುವವರಿಗೆ ಒಂದು ಸಲವಾದರೂ ಕನ್ನಡದಲ್ಲಿ ಅರ್ಥ ಹೊಳೆಯಬೇಕು ಅಂತ ನನ್ನ ಆಸೆ.

ಹಾಗೇ ಇನ್ನೊಂದು. ರೆಪ್ಲಿಕಾ (ಮೂಲದ ಜೊತೆಜೊತೆಗೇ ಬದಲಾಗುತ್ತಿರುವ ಪ್ರತಿ), ಬ್ಯಾಕಪ್ (ಒಂದು ಹೊತ್ತಿನಲ್ಲಿ ಇದ್ದಂತೆ ತೆಗೆದಿಟ್ಟ ಪ್ರತಿ) ಎರಡನ್ನೂ ‘ನಕಲು’ ಅನ್ನುವುದು ಅಪಾಯ. ತಪ್ಪಿ ಒಂದು ಟೇಬಲ್ ಅಳಿಸಿದರೆ ಸಾಮಾನ್ಯವಾಗಿ ರೆಪ್ಲಿಕಾದಲ್ಲೂ ಅದು ಕೂಡಲೇ ಅಳಿದುಹೋಗುತ್ತದೆ, ಬ್ಯಾಕಪ್‌ನಲ್ಲಿ ಉಳಿದಿರುತ್ತದೆ. ಬ್ಯಾಕಪ್‌ಗೆ ‘ಕಾಪುಪ್ರತಿ’, ರೆಪ್ಲಿಕಾಗೆ ‘ಜೋಡಿಪ್ರತಿ’ ಹೇಗೆ? ಇವಕ್ಕಿಂತ ಒಳ್ಳೆಯ ಪದ ನಿಮ್ಮ ಬಳಕೆಯಲ್ಲಿ ಇದ್ದರೆ ಒಂದು ವಾಕ್ಯದಲ್ಲಿ ಬಳಸಿ ತಿಳಿಸಿ.