ನಾಯಿಗೆ ಹಾವು ಕಚ್ಚಿದರೆ ಆಸ್ಪತ್ರೆ ತಲುಪುವವರೆಗೆ ಏನು ಮಾಡಬೇಕು?

ತೋಟದಮನೆ: ನಮಸ್ಕಾರ. ನಮ್ಮದು ತೀರ್ಥಹಳ್ಳಿ ಕಡೆ ಅಡಿಕೆ ತೋಟ. ಮಳೆ ಶುರುವಾದ ಮೇಲೆ ಅಂಗಳದಲ್ಲೂ ಹಾವು. ನಮ್ಮ ಕರಿಯ ಕಂಡಲ್ಲೆಲ್ಲ ಮೂಗು ತೂರಿಸುತ್ತಾನೆ. ಮೊನ್ನೆ ಸೌದೆ ರಾಶಿ ಹತ್ತಿರ ಕೊಳಕುಮಂಡಲದ ಎದುರು ನಿಂತು ಬೊಗಳುತ್ತಿದ್ದ. ಹೇಗೋ ಎಳೆದು ತಂದೆವು. ಕಚ್ಚಿದ್ದು ನಾವು ನೋಡದಿದ್ದರೆ ಗೊತ್ತಾಗುವುದು ಹೇಗೆ? ಮನೆಯಲ್ಲಿ ಏನಾದರೂ ಕೊಡಬಹುದಾ?

ಹಳೇ ಪರಿವೀಕ್ಷಕ, ಸಾಗರ: ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. ಮಂಡಲ ಕಚ್ಚಿದರೆ ಮೂತಿಯೋ ಮುಂಗಾಲೋ ಬೇಗ ಊದುತ್ತದೆ. ಮುಟ್ಟಲು ಬಿಡುವುದಿಲ್ಲ. ಗಾಯದಿಂದ ರಕ್ತ ಜಿನುಗುತ್ತಲೇ ಇರುತ್ತದೆ, ಆಮೇಲೆ ಒಸಡಿನಲ್ಲಿ, ಮೂತ್ರದಲ್ಲೂ ಕಾಣಬಹುದು. ನಾಗರವಾದರೆ ಜೊಲ್ಲು ಸುರಿಯುತ್ತದೆ, ರೆಪ್ಪೆ ಜೋಲುತ್ತದೆ, ಕಾಲು ತಡವರಿಸುತ್ತದೆ. ನನಗೆ ಜಾಸ್ತಿ ಭಯ ಕಟ್ಟುಹಾವಿನದು. ಊತವೇ ಇರದೆ ನಾಯಿ ಸುಮ್ನೆ ಸುಸ್ತಾದಂತೆ ಮಲಗುತ್ತದೆ. ಬೆಳಿಗ್ಗೆ ನೋಡೋಣ ಅಂದರೆ ಉಸಿರಾಟಕ್ಕೇ ಕುತ್ತು.

ತುಟಿ ಎತ್ತಿ ಒಸಡನ್ನು ಬೆರಳಿಂದ ಒತ್ತಿ ಬಿಡಿ. ಬೆಳ್ಳಗಾದ ಜಾಗ 2 ಸೆಕೆಂಡಿನೊಳಗೆ ಮತ್ತೆ ಗುಲಾಬಿ ಬಣ್ಣಕ್ಕೆ ಬರಬೇಕು. ಒಸಡು ಕಪ್ಪಿದ್ದರೆ ಕೆಳರೆಪ್ಪೆ ಎಳೆದು ಒಳಗೆ ನೋಡಿ. ಬಿಳಿಚಿದ್ದರೆ ತಡ ಮಾಡಬೇಡಿ.

ಮೊದಲು ಕುತ್ತಿಗೆ ಬೆಲ್ಟ್ ಬಿಚ್ಚಿ. ಊತ ಕುತ್ತಿಗೆಗೂ ಹರಡಿದರೆ ಅದೇ ಉರುಳಾಗುತ್ತದೆ. ನಡೆಸಬೇಡಿ, ಕಂಬಳಿಯಲ್ಲಿ ಇಬ್ಬರು ಎತ್ತಿಕೊಳ್ಳಿ. ಬಿಗಿಯಾಗಿ ಕಟ್ಟುವುದು, ಗಾಯ ಕೊಯ್ಯುವುದು ಬೇಡ. ಮನುಷ್ಯರ ನೋವಿನ ಮಾತ್ರೆ ಖಂಡಿತ ಬೇಡ. ಕೆಲವು ರಕ್ತಸ್ರಾವ ಹೆಚ್ಚಿಸುತ್ತವೆ. ಬಾಯಿಗೆ ನೀರು, ಕಷಾಯ ಏನೂ ಹಾಕಬೇಡಿ, ನುಂಗಲಾಗದೆ ಶ್ವಾಸಕೋಶಕ್ಕೆ ಇಳಿಯಬಹುದು.

ಎಲ್ಲಕ್ಕಿಂತ ಮುಖ್ಯ, ಹೊರಡುವಾಗಲೇ ಫೋನ್ ಮಾಡಿ ಎಎಸ್‌ವಿ, ಅಂದರೆ ಹಾವಿನ ವಿಷ ಇಳಿಸುವ ಚುಚ್ಚುಮದ್ದು, ಇದೆಯಾ ಅಂತ ಕೇಳಿ. ಡಾಕ್ಟರ್ ಇದ್ದು ಮದ್ದು ಇಲ್ಲದ ಕಡೆಗೆ ಹೋಗಿ ಎಷ್ಟೋ ಜೀವ ಹೋಗಿವೆ.

ಮಲ್ಲಿಗೆ: ಸರ್, ಮನುಷ್ಯರಿಗೆ ಕೊಡುವ ಎಎಸ್‌ವಿಯೇ ನಾಯಿಗೂ ಆಗುತ್ತಾ? ನಮ್ಮದು ಪುಟ್ಟ ಪಗ್, ಕಾಲು ಭಾಗ ಸಾಕಾಗಬಹುದಲ್ವಾ?

ಹಳೇ ಪರಿವೀಕ್ಷಕ, ಸಾಗರ: ಅದೇ ಮದ್ದು ತಾಯಿ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ, ಈ ನಾಲ್ಕರ ವಿಷಕ್ಕೆ. ಆದರೆ ನಾಯಿ ಚಿಕ್ಕದು ಅಂತ ಮದ್ದು ಕಡಿಮೆ ಮಾಡುವ ಹಾಗಿಲ್ಲ. ಹಾವು ಬಿಟ್ಟ ವಿಷ ಅಷ್ಟೇ ಇರುತ್ತದಲ್ಲ, ಪುಟ್ಟ ಮೈಗೆ ಅದು ಇನ್ನೂ ಭಾರ. ಎಷ್ಟು ವಯಲ್ ಅಂತ ಡಾಕ್ಟರ್ ನೋಡಿ ಹೇಳುತ್ತಾರೆ. ಮಂಡಲದ ಅನುಮಾನವಿದ್ದರೆ ಒಣ ಗಾಜಿನ ಟ್ಯೂಬಿನಲ್ಲಿ ರಕ್ತ ಹಾಕಿ 20 ನಿಮಿಷ ಅಲುಗಿಸದೆ ಇಡುತ್ತಾರೆ. ಓರೆ ಮಾಡಿದಾಗ ನೀರಿನಂತೆ ಹರಿದರೆ ರಕ್ತ ಹೆಪ್ಪುಗಟ್ಟುತ್ತಿಲ್ಲ ಎಂದರ್ಥ. ಕೆಲವು ನಾಯಿಗೆ ಈ ಮದ್ದೇ ಅಲರ್ಜಿಯಾಗುತ್ತದೆ, ಹಾಗಾಗಿ ಮನೆಯಲ್ಲಿ ಚುಚ್ಚುವ ಧೈರ್ಯ ಬೇಡ.

ಘಟ್ಟದವ: ನಮ್ಮ ಕಡೆ ಗುಳಿಮಂಡಲವೂ ಇದೆ. ಅದಕ್ಕೆ ಈ ಮದ್ದು ಕೆಲಸ ಮಾಡುವುದಿಲ್ಲ. ದೂರದಿಂದ ಹಾವಿನ ಫೋಟೋ ಸಿಕ್ಕರೆ ತೋರಿಸಿ. ಹಿಡಿಯಲು, ಹೊಡೆಯಲು ಹೋಗಬೇಡಿ.

ತೋಟದಮನೆ: ತುಂಬಾ ಉಪಕಾರವಾಯಿತು. ಊತ, ಸುಸ್ತು ಏನೂ ಕಾಣದಿದ್ದರೆ ಮನೆಯಲ್ಲೇ ನೋಡಿಕೊಳ್ಳಬಹುದಾ ಸರ್?

ಹಳೇ ಪರಿವೀಕ್ಷಕ, ಸಾಗರ: ಬೇಡ. ವಿಷ ಬಿಡದೆ ಕಚ್ಚುವುದೂ ಉಂಟು, ಆದರೆ ಅದು ಹೊರಗಿಂದ ತಿಳಿಯುವುದಿಲ್ಲ. ಅನುಮಾನ ಬಂದ ಕೂಡಲೇ ಕರೆದುಕೊಂಡು ಹೋಗಿ, ಒಂದು ದಿನವಾದರೂ ಡಾಕ್ಟರ ಕಣ್ಣಳತೆಯಲ್ಲಿ ಇರಲಿ. ರಾತ್ರಿ ಯಾರು ಸಿಗುತ್ತಾರೆ, ಎಎಸ್‌ವಿ ಎಲ್ಲಿದೆ ಅಂತ ನಾಳೆಯೇ ವಿಚಾರಿಸಿ, ನಂಬರ್ ಗೋಡೆ ಮೇಲೆ ಬರೆದಿಡಿ.