ಪಾಚಿಗೆ ಉಪ್ಪುನೀರು ‘ಒಗ್ಗಿಸುವುದು’ ಅಂದರೆ ಸಾಕಾ?

ಎಲ್ಲರಿಗೂ ನಮಸ್ಕಾರ. ಜಮಖಂಡಿಯಿಂದ ಬರೆಯುತ್ತಿದ್ದೇನೆ. ಒಂದು ಪದ ಎರಡು ದಿನದಿಂದ ತಲೆ ತಿನ್ನುತ್ತಿದೆ.

ತಂಗಿಯ ಮಗಳು ಮಂಗಳೂರಿನಲ್ಲಿ ಮೀನುಗಾರಿಕೆ ಓದುತ್ತಾಳೆ. ತಾನು ಬರೆದ ಕನ್ನಡ ಲೇಖನ ತಿದ್ದಿಕೊಡಿ ಅಂತ ಕಳಿಸಿದ್ದಳು. ಸಮುದ್ರದ ಮೀನಿನ ಮರಿಗಳಿಗೆ ಮೊದಲ ದಿನಗಳಲ್ಲಿ ಬಾಯಿ ತೀರಾ ಚಿಕ್ಕದು. ಹಾಗಾಗಿ ರೋಟಿಫರ್ ಎಂಬ ಪುಟಾಣಿ ಜೀವಿಯನ್ನು ತಿನ್ನಿಸುತ್ತಾರೆ. ಆ ರೋಟಿಫರಿಗೆ ಮೇವು ಪಾಚಿ. ಸಿಹಿನೀರಿನ ಕ್ಲೋರೆಲ್ಲಾ ಎಂಬ ಪಾಚಿ ಬೆಳೆಸುವುದು ಸುಲಭ, ಆದರೆ ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಒಮ್ಮೆಲೇ ಹಾಕಿದರೆ ಉಪ್ಪು ಸವರಿದ ಮಾವಿನಕಾಯಿ ಹೋಳಿನ ಹಾಗೆ ಕೋಶ ನೀರು ಬಿಟ್ಟು ಮುದುಡುತ್ತದೆ. ಅದಕ್ಕೇ 5 ಗ್ರಾಂ, 10 ಗ್ರಾಂ ಅಂತ ಮೆಲ್ಲಗೆ ಏರಿಸುವುದು. ಅಷ್ಟರಲ್ಲಿ ಕೋಶ ಪ್ರೋಲಿನ್ ಎಂಬ ಅಮೈನೋ ಆಮ್ಲದಂಥ ವಸ್ತುವನ್ನು ಒಳಗೆ ಕೂಡಿಟ್ಟುಕೊಂಡು ನೀರು ಕಾಪಾಡಿಕೊಳ್ಳಲು ಕಲಿಯುತ್ತದೆ.

ಈ ಕೆಲಸಕ್ಕೆ ಅವಳು ಇಟ್ಟ ಹೆಸರು ‘ಲವಣಾನುಕೂಲನ’. ಯಾರಿಗೆ ಅನುಕೂಲ, ಉಪ್ಪಿಗಾ? ಹೊಡೆದುಹಾಕಿ ‘ಉಪ್ಪುನೀರಿಗೆ ಒಗ್ಗಿಸುವುದು’ ಅಂತ ಬರೆದೆ. ಪುಣೆಯ ಅಣ್ಣನ ಮನೆಯಿಂದ ಬಂದಾಗಲೆಲ್ಲ ನಮ್ಮ ಅವ್ವ, ‘ಅಲ್ಲಿ ನೀರ ನನಗ ಒಗ್ಗಂಗಿಲ್ಲ’ ಅನ್ನುತ್ತಾಳೆ. ಪಾಚಿಯ ಕಷ್ಟವೂ ಅದೇ ಅಲ್ವಾ?

ಅವಳು ಒಪ್ಪಲಿಲ್ಲ. ‘ಮಾಮಾ, ಎರಡು ಬ್ಯಾರೆ ಅದಾವ’ ಅಂದಳು. ಇದ್ದ ಕೋಶಗಳೇ ಕೆಲವು ದಿನಗಳಲ್ಲಿ ಉಪ್ಪಿಗೆ ಹೊಂದಿಕೊಳ್ಳುವುದು ಒಂದು. ನೂರಾರು ತಲೆಮಾರು ಉಪ್ಪಿನಲ್ಲೇ ಬೆಳೆಸಿ, ಚೆನ್ನಾಗಿ ಬೆಳೆದವನ್ನು ಆರಿಸಿ, ಗುಣವೇ ಬದಲಾಗುವುದು ಇನ್ನೊಂದು. ಮೊದಲನೆಯದಕ್ಕೆ ‘ಒಗ್ಗು’ ಸರಿ. ಎರಡನೆಯದಕ್ಕೆ?

‘ಪಳಗಿಸು’ ಅಂದರೆ ನನಗೆ ಹೋರಿ ಕಣ್ಣ ಮುಂದೆ ಬರುತ್ತದೆ. ನಮ್ಮ ರೈತರು ‘ಬರ ತಾಳುವ ತಳಿ’ ಅನ್ನುತ್ತಾರೆ, ಹಾಗೆಯೇ ‘ಉಪ್ಪು ತಾಳುವ ತಳಿ’ ಅನ್ನೋಣ ಅಂದೆ. ಆದರೆ ತಾಳುವುದು ಅಂದರೆ ಸುಮ್ನೆ ಜೀವ ಹಿಡಿದುಕೊಂಡಿರುವುದೂ ಆಗುತ್ತದೆ. ಮೇವಿನ ಪಾಚಿ ಬದುಕಿದರೆ ಸಾಲದು, ಉಪ್ಪುನೀರಿನಲ್ಲೇ ಮರಿ ಹಾಕಿ ದಟ್ಟವಾಗಬೇಕು.

‘ಸವಳು’ ಪದವೂ ಅವಳ ಬರಹದಲ್ಲಿತ್ತು: ‘ಸಮುದ್ರದ ಸವಳು’. ಇಲ್ಲಿಯವರಿಗೆ ಸವಳು ಅಂದರೆ ನೀರು ಜಾಸ್ತಿ ಹಾಯಿಸಿ ಕೆಟ್ಟ ಕಬ್ಬಿನ ಹೊಲ, ಬೇಸಿಗೆಯಲ್ಲಿ ಮೇಲೆ ಬಿಳಿ ಪುಡಿ ಏಳುವ ನೆಲ. ಇಲ್ಲವೇ ಬೋರಿನ ನೀರು. ಸಮುದ್ರಕ್ಕೆ ‘ಉಪ್ಪಿನಂಶ’ ಸಾಕು ಅಂತ ತಿದ್ದಿದೆ.

ಹೆಸರಿನ ಎಡವಟ್ಟು ನಮ್ಮದು ಮಾತ್ರ ಅಲ್ಲ. ಜಪಾನಿನಲ್ಲಿ ರೋಟಿಫರಿಗೆ ಹಾಕುತ್ತಿದ್ದ ‘ಸಮುದ್ರದ ಕ್ಲೋರೆಲ್ಲಾ’ ಕ್ಲೋರೆಲ್ಲಾವೇ ಆಗಿರಲಿಲ್ಲ. ಅದು ನ್ಯಾನೋಕ್ಲೋರೋಪ್ಸಿಸ್ ಎಂಬ ಬೇರೆಯೇ ಪಾಚಿ ಅಂತ ಆಮೇಲೆ ಗೊತ್ತಾಯಿತು.

ಸದ್ಯ ಎರಡನೆಯದಕ್ಕೆ ‘ಉಪ್ಪುನೀರಿಗೆ ಕುದುರಿದ ತಳಿ’ ಅಂತ ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದೇನೆ. ಬೆಳೆ ಕುದುರಿತು, ವ್ಯಾಪಾರ ಕುದುರಿತು ಅನ್ನುತ್ತೇವಲ್ಲ, ಆ ಅರ್ಥದಲ್ಲಿ. ನಿಮ್ಮ ಕಡೆ ‘ಕುದುರು’ ತಲೆಮಾರಿನ ಮಾತಿಗೂ ನಡೆಯುತ್ತದಾ? ಕರಾವಳಿಯವರು, ಉಪ್ಪುನೀರು ನುಗ್ಗುವ ಗಜನಿ ಗದ್ದೆ ಮಾಡುವವರು, ಉಪ್ಪುನೀರಿಗೆ ಜಗ್ಗದ ಭತ್ತಕ್ಕೆ ಏನನ್ನುತ್ತೀರಿ?